ನಲವತ್ತೊಂದನೆಯ ಕಾರಣ

ಮೂವತ್ತು ವರ್ಷ ಬೀದಿಯವರ ಗಡಿಯಾರಗಳಿಗೆಲ್ಲ ಜೀವ ಕೊಟ್ಟ ಮನುಷ್ಯನಿಗೆ ತನ್ನ ಮನೆಯ ಮುದಿ ಕಂಪ್ಯೂಟರೊಂದನ್ನು ಎಬ್ಬಿಸಲಾಗುವುದಿಲ್ಲವೆಂದರೆ ಮರ್ಯಾದೆಯ ಪ್ರಶ್ನೆ. ಸಾಲದ್ದಕ್ಕೆ ಹೆಂಡತಿಯ ಗಡುವು ಬೇರೆ.

"ನಾಲ್ಕಕ್ಕೆ ಗುಜರಿಯವನು ಬರ್ತಾನೆ. ಅಷ್ಟರಲ್ಲಿ ಎದ್ರೆ ಇರ್ಲಿ. ಇಲ್ಲಾಂದ್ರೆ ಈ ಮೇಜು ನನ್ನ ಹೊಲಿಗೆ ಮಿಷನ್ನಿಗೆ!"

"ಮಗಳು ಅಕ್ಷರ ಕಲಿತಿದ್ದು ಇದರಲ್ಲೇ ಕಣೇ."

"ಅವಳ ಮಗಳೇ ಕಾಲೇಜಿಗೆ ಹೋಗ್ತಿದಾಳೆ. ಇನ್ಯಾರಿಗೆ ಕಲಿಸ್ತೀರಿ, ಜಿರಳೆಗಾ?"

ಗಡಿಯಾರದವರು ತಮ್ಮ ಮಹಾಗ್ರಂಥವನ್ನು ಹೊರತೆಗೆದರು. ಹಿಂದೆಲ್ಲ ಕಂಪ್ಯೂಟರು ಮುಗ್ಗರಿಸಿ ಎದ್ದಾಗಲೆಲ್ಲ ಚೀಟಿಗಳಲ್ಲಿ ಗೀಚಿಟ್ಟಿದ್ದ ನಲವತ್ತು ಕಾರಣಗಳನ್ನು ಸೇರಿಸಿ, ದಪ್ಪ ರಟ್ಟು ಹಾಕಿಸಿದ್ದ ಪುಸ್ತಕ. (ಇಟ್ಟಿಗೆಗಿಂತ ತುಸುವೇ ಭಾರ.) ಮೇಜಿನ ತುಂಬ ತಿರುಪು, ಇಕ್ಕಳ, ಕುಂಚ; ಎಳ್ಳಷ್ಟೂ ಜಾಗವಿಲ್ಲ. ಗ್ರಂಥವನ್ನು ಕೀಬೋರ್ಡಿನ ತುದಿಯ ಮೇಲೆ ಬಿಡಿಸಿಟ್ಟುಕೊಂಡು ಸ್ವಿಚ್ಚು ಹಾಕಿದರು.

ಪರದೆ ಬೆಳಗಿತು. ಎರಡು ಸಾಲು ಮೂಡಿತು. 'ಕೀಂಯ್' ಎಂದು ಕಿರುಚಿ ಕಪ್ಪಾಯಿತು.

ಒಂದನೆಯ ಕಾರಣ, ಧೂಳು. ಕುಂಚ ಆಡಿಸಿದರು. ಕೀಂಯ್! ಒಂಬತ್ತು, ಸಡಿಲ ತಂತಿ. ಬಿಗಿದರು. ಕೀಂಯ್! ಪ್ರತಿ ಕಿರುಚಾಟಕ್ಕೂ ಹೊಲಿಗೆ ಮಿಷನ್ನು ಬಾಗಿಲಿನಿಂದ ಎರಡೆರಡು ಅಂಗುಲ ಒಳಗೆ ಬರುತ್ತಿತ್ತು. ಮೂವತ್ತೆಂಟನೆಯ ಕಾರಣ ಮುಗಿಯುವಷ್ಟರಲ್ಲಿ ಅದರ ಗಾಲಿ ಅವರ ಹಿಮ್ಮಡಿಗೆ ತಾಗಿತು.

ಗೇಟು ಕಿರುಗುಟ್ಟಿತು. "ಅಮ್ಮಾ, ಗುಜರಿ!"

"ಒಂದೇ ಒಂದ್ಸಲ ಕಣೇ..." ಅವರು ಮೇಜಿಗೆ ಅಡ್ಡ ನಿಂತರು.

"ನೋಡ್ಕೊಳ್ಳಿ. ಅಲ್ಲೀತನಕ ಈ ಇಟ್ಟಿಗೆನಾದ್ರೂ ಗುಜರಿಗೆ ಹಾಕ್ತೀನಿ," ಎಂದು ಆಕೆ ಗ್ರಂಥವನ್ನೆತ್ತಿ ಕಂಕುಳಲ್ಲಿ ಇರುಕಿಕೊಂಡಳು.

ಅವರು ಕಣ್ಣು ಮುಚ್ಚಿ ಸ್ವಿಚ್ಚು ಹಾಕಿದರು. ಕಿರುಚಲಿಲ್ಲ. ಕಣ್ಣು ಬಿಟ್ಟರೆ ಪರದೆಯ ತುಂಬ ಹಸಿರು ಅಕ್ಷರ!

"ನೋಡಿದ್ಯಾ! ಮೂವತ್ತೆಂಟನೇದು! ಎಲ್ಲಾ ಗ್ರಂಥದಲ್ಲಿದೆ! ಬಾರಯ್ಯ, ನೀನೂ ನೋಡು," ಎಂದು ಗುಜರಿಯವನನ್ನೂ ಒಳಕ್ಕೆ ಕರೆದರು. ಯಂತ್ರ ಆರಿಸಿ, ಪುಸ್ತಕ ಕಿತ್ತುಕೊಂಡು ಮೊದಲಿನ ಜಾಗದಲ್ಲಿಟ್ಟು, ಠೀವಿಯಿಂದ ಸ್ವಿಚ್ಚು ಹಾಕಿದರು.

ಕೀಂಯ್!

ಹೆಂಡತಿ ಪುಸ್ತಕ ಎತ್ತಿದಳು. "ಈಗ ಹಾಕಿ."

ಹಸಿರು.

ಇಟ್ಟಳು. "ಈಗ?"

ಕೀಂಯ್!

ಗ್ರಂಥದ ಭಾರಕ್ಕೆ ಕೀಬೋರ್ಡಿನ ಒಂದು ಗುಂಡಿ ಒತ್ತಿಕೊಂಡೇ ಇರುತ್ತಿತ್ತು. ಏಳುವಾಗಲೇ ಮೂಗು ಹಿಡಿದರೆ ಯಾರು ತಾನೇ ಎದ್ದಾರು?

"ರೀ, ಇದಕ್ಕೆ ರಟ್ಟು ಹಾಕ್ಸಿ ಎಷ್ಟು ವರ್ಷ ಆಯ್ತು?"

"ಹನ್ನೊಂದು."

"ಕಂಪ್ಯೂಟರು ಕೆಟ್ಟು ಮಲಗಿ?"

ಗಡಿಯಾರದವರು ಬೆವರೊರೆಸಿಕೊಂಡರು. "...ಹನ್ನೊಂದು."

ಗುಜರಿಯವನು ಗಂಟಲು ಸರಿಮಾಡಿಕೊಂಡ. "ಅಮ್ಮಾ, ತಕ್ಕಡಿಗೆ ಯಾವ್ದು ಹಾಕ್ಲಿ?"

ಆಕೆ ಪುಸ್ತಕವನ್ನು ಅವನತ್ತ ಚಾಚಿದಳು. ಹೊಲಿಗೆ ಮಿಷನ್ನನ್ನು ನಿಧಾನವಾಗಿ ಹಿಂದಕ್ಕೆ ತಳ್ಳತೊಡಗಿದಳು.

"ಒಂದ್ನಿಮಿಷ ತಡೆಯಪ್ಪಾ," ಗಡಿಯಾರದವರು ಪುಸ್ತಕಕ್ಕೆ ಕೈಹಾಕಿ ಪೆನ್ಸಿಲು ಹುಡುಕಿದರು. "ನಲವತ್ತೊಂದನೇದು ಬರೆದುಬಿಡ್ತೀನಿ."

"ಬರೀರಿ," ಎಂದಳು ಹೆಂಡತಿ ಬಾಗಿಲಿನಿಂದ. "ತೊಡೆ ಮೇಲಿಟ್ಕೊಂಡು ಬರೀರಿ."