ಯಾರ ಕಣ್ಣಿಗೂ ಬೀಳದ ಕ್ಯಾಮೆರಾ ಚೀಲ

"ಈ ಸಲ ನೋಡ್ತಿರಿ!" ಎಂದು ಎವೆಲಿಯೊ ಗಿರಾಲ್ಡೊ ಊಟದ ಮೇಜನ್ನು ಗುದ್ದಿದ ರಭಸಕ್ಕೆ ಬೀನ್ಸ್ ಸಾರು ತುಳುಕಿ ಮೇಜುಬಟ್ಟೆಯ ಮೇಲೆಲ್ಲ ಹರಿಯಿತು. "ನನ್ನ ಮಗಳ ಹದಿನೈದನೇ ವರ್ಷದ ಫೋಟೋ ನಾನೇ ತೆಗೀತೀನಿ. ಮನಿಸಾಲೆಸ್ ಊರಿಗೆ ಊರೇ ಬಂದು ನೋಡ್ಬೇಕು, ಹಾಗೆ ತೆಗೀತೀನಿ!"

"ಊರು ಬರೋದು ಆಮೇಲೆ. ಮೊದಲು ಮೇಜು ಒರೆಸಿ," ಎಂದಳು ಹೆಂಡತಿ ನೂಬಿಯಾ.

ಇದು ಸಾಮಾನ್ಯ ಫೋಟೋ ಅಲ್ಲ. ನಮ್ಮ ದೇಶದಲ್ಲಿ ಹುಡುಗಿಗೆ ಹದಿನೈದು ತುಂಬಿತೆಂದರೆ ಮದುವೆಗಿಂತ ಒಂದು ಕೈ ಹೆಚ್ಚಿನ ಸಡಗರ. ಪಾರ್ಟಿ ಹಾಲ್, ಬ್ಯಾಂಡು, ಗೋಪುರದಂಥ ಕೇಕು, ಬಾಗಿಲಲ್ಲಿ ಅಡ್ಡಡ್ಡ ತೂರಬೇಕಾದ ಗೌನು! ಮಗಳು ಸಾಲೋಮೆ ಇದ್ಯಾವುದೂ ಬೇಡವೆಂದಳು. "ಆ ಗೌನು ಹಾಕ್ಕೊಂಡು ಹನ್ನೊಂದು ಜನ ಮಾವಂದಿರ ಜೊತೆ ಕುಣಿಯೋದು ನನ್ನಿಂದಾಗಲ್ಲ. ರಜಕ್ಕೆ ಎಲ್ಲರೂ ಕಾಫಿ ಸೀಮೆಯ ಥೀಮ್ ಪಾರ್ಕಿಗೆ ಹೋಗೋಣ," ಎಂದಳು. ಎವೆಲಿಯೊನ ಅತ್ತೆ, ಊರೆಲ್ಲ ಗೌರವದಿಂದ 'ದೋನ್ಯಾ' ಎಂದು ಕರೆಯುವ ಎಲ್ವಿಯಾ, ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಪಡಸಾಲೆಯ ಗೋಡೆಯಲ್ಲಿ ವಂಶದ ಒಂಬತ್ತು ಹೆಣ್ಣುಮಕ್ಕಳು ಹದಿನೈದರ ವಯಸ್ಸಿನಲ್ಲೇ ನಿಂತುಹೋಗಿ ಚಿನ್ನದ ಬಣ್ಣದ ಚೌಕಟ್ಟುಗಳಿಂದ ನಗುತ್ತಿದ್ದಾರೆ. ಹತ್ತನೆಯವಳ ಜಾಗ ಖಾಲಿ ಉಳಿಯಬಾರದು.

"ಸ್ಟುಡಿಯೋದವನನ್ನ ಕರೆಸೋಣ್ವಾ?" ಎಂದಳು ನೂಬಿಯಾ.

ಕನ್ನಡಕದ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಗಾಜು ಉಜ್ಜುತ್ತಿರುವ ಎವೆಲಿಯೊನಿಗೆ ಮೈಯೆಲ್ಲ ಉರಿಯಿತು. "ಈ ಊರಿನ ಅರ್ಧ ಜನಕ್ಕೆ ಕಣ್ಣು ಕೊಟ್ಟವನು ನಾನು! ಲೆನ್ಸ್ ಬಗ್ಗೆ ನನಗೆ ಹೇಳ್ಕೊಡೋಕೆ ಅವನ್ಯಾರು?"

ಕ್ಯಾಮೆರಾ ಮನೆಯಲ್ಲೇ ಇತ್ತು. ಎರಡು ಲೆನ್ಸುಗಳೂ ಇದ್ದವು. ಇಲ್ಲದಿದ್ದದ್ದು ಚೀಲ. ಚೀಲವೆಂದರೆ ಚೀಲವೇ ತಾನೆ ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಎವೆಲಿಯೊ ಹಾಗೆ ಅಂದುಕೊಳ್ಳುವ ಪೈಕಿ ಅಲ್ಲ. ಆರು ಶನಿವಾರ ಊರಿನ ಚೀಲದಂಗಡಿಗಳನ್ನೆಲ್ಲ ಜಾಲಾಡಿದ. ಬೆನ್ನಿಗೆ ಹಾಕುವ ಚೀಲ ಬೇಡ, ಬೆನ್ನಿಗೆ ಕಣ್ಣಿಲ್ಲ. ಸೊಂಟಕ್ಕೆ ಕಟ್ಟುವ ಚೀಲ ಬೇಡ, ಆ ಜಾಗದಲ್ಲಿ ಹೊಟ್ಟೆ ಮೊದಲೇ ಬಿಡಾರ ಹೂಡಿತ್ತು. ಒಂದು ಚೀಲವನ್ನು ಅಂಗಡಿಯವನಿಂದ ಎರವಲು ತಂದು, ಕ್ಯಾಮೆರಾದ ತೂಕದಷ್ಟೇ ಬೀನ್ಸ್ ಕಾಳು ತುಂಬಿ, ಭುಜಕ್ಕೆ ಹಾಕಿಕೊಂಡು ವಾರವಿಡೀ ಮನೆಯೊಳಗೆ ಓಡಾಡಿದ. ಮಳೆಗೆ ತಡೆಯುತ್ತದೋ ನೋಡಲು ಅದನ್ನು ಹಾಕಿಕೊಂಡೇ ಸ್ನಾನಕ್ಕೂ ನಿಂತ. ಕಾಳು ಮೊಳಕೆಯೊಡೆಯಿತು. ಅಂಗಡಿಯವನು ಚೀಲವನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಕ್ಯಾಮೆರಾ ಚೀಲಗಳಲ್ಲಿ ಒಂದು ದೊಡ್ಡ ದೋಷ ಇದೆ, ನೂಬಿಯಾ," ಎಂದು ಏಳನೆಯ ಶನಿವಾರ ಅವನು ಗಂಭೀರವಾಗಿ ಸಾರಿದ.

"ಏನ್ರೀ ಅದು?"

"ಅವು ಕ್ಯಾಮೆರಾ ಚೀಲದ ಹಾಗೇ ಕಾಣ್ತವೆ! ಒಳಗೆ ಕ್ಯಾಮೆರಾ ಇದೆ, ಬನ್ನಿ ಬನ್ನಿ ಅಂತ ತಮಟೆ ಹೊಡೀತವೆ!"

ನಮ್ಮಲ್ಲಿ ಒಂದು ಮಾತಿದೆ: ಕಳ್ಳನಿಗೆ ಪರಂಗಿ ಹಣ್ಣು ಕೊಡಬೇಡ. ಎಂದರೆ, ಕದಿಯುವ ಅವಕಾಶವನ್ನು ನೀನೇ ಹೆಚ್ಚಿ ತಟ್ಟೆಯಲ್ಲಿಡಬೇಡ. ಹಾಲು ಬಿಡುವ ಮೊದಲೇ ಮಕ್ಕಳಿಗೆ ಈ ಮಾತು ಬಾಯಿಪಾಠ. ಫೋನನ್ನು ಸಾಕ್ಸಿನೊಳಗೆ ಬಚ್ಚಿಡುವವರನ್ನು ನಾನೇ ಕಂಡಿದ್ದೇನೆ. ಎವೆಲಿಯೊ ಅವರೆಲ್ಲರನ್ನೂ ಮೀರಿಸಿದ. ಸಂತೆಯಿಂದ ನೀಲಿ ಬಿಳಿ ಚೌಕುಳಿಯ ಒಂದು ಊಟದ ಚೀಲ ತಂದ! ಆಫೀಸಿಗೆ ಹೋಗುವವರು ಮಧ್ಯಾಹ್ನದ ಡಬ್ಬಿ ಒಯ್ಯುವಂಥದ್ದು. ಹಳೇ ಹಾಸಿಗೆಯ ಫೋಮ್ ಕತ್ತರಿಸಿ ಒಳಗೆ ಮೂರು ಖಾನೆ ಮಾಡಿದ. ಕ್ಯಾಮೆರಾ ಹಸುಗೂಸಿನ ಹಾಗೆ ಮಲಗಿತು.

"ಇದನ್ನ ನೋಡಿದವರಿಗೆ ಏನನ್ನಿಸುತ್ತೆ ಹೇಳಿ ಅತ್ತೆ?" ಎಂದು ಎದೆಯುಬ್ಬಿಸಿ ಕೇಳಿದ.

"ಊಟ," ಎಂದರು ದೋನ್ಯಾ ಎಲ್ವಿಯಾ.

"ಗೆದ್ದೆ!" ಎಂದು ಅಳಿಯ ಕುಣಿದಾಡಿದ. ಗೆದ್ದ ಉತ್ಸಾಹದಲ್ಲೇ ಇನ್ನೊಂದು ಆಜ್ಞೆಯನ್ನೂ ಹೊರಡಿಸಿದ. "ಅಂದ ಹಾಗೆ, ಪಾರ್ಕಿನೊಳಗೆ ಹೊರಗಿನ ಊಟ ಬಿಡಲ್ಲವಂತೆ. ಈ ಸಲ ಬುತ್ತಿ ಕಟ್ಟೋದು ಬೇಡ."

ಎಲ್ವಿಯಾ ಅವರ ಮನೆತನದಲ್ಲಿ ಪಕ್ಕದ ಊರಿನ ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗಲೂ ಬುತ್ತಿ ಬೇಕು. ಬಾಡಿಸಿದ ಎಲೆಯಲ್ಲಿ ಅನ್ನ, ಬೇಯಿಸಿದ ಮೊಟ್ಟೆ, ನೇಂದ್ರ ಬಾಳೆಯ ಹೋಳು, ಕರಿದ ಹಂದಿಮಾಂಸ, ಮೇಲೆ ನಾರಿನ ದಾರದ ಗಂಟು. ಅದಿಲ್ಲದೆ ಹೊರಟರೆ ಪ್ರಯಾಣವಲ್ಲ, ಗಡೀಪಾರು. ಆದರೂ ಅತ್ತೆ ಒಂದು ಮಾತೂ ಆಡಲಿಲ್ಲ. ಅವರು ಬೈದರೆ ಮನೆಗೆ ಕ್ಷೇಮ, ಸುಮ್ಮನಾದರೆ ಅಪಾಯ. ಇಷ್ಟು ವರ್ಷ ಅಳಿಯನಾಗಿದ್ದೂ ಎವೆಲಿಯೊನಿಗೆ ಇದು ಹೊಳೆಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವನು ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಗಡ್ಡ ಹೆರೆಯಲು ಹೋದ. ಬಂದು ಹೆಗಲಿಗೇರಿಸಿದ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಅಪ್ಪಿಕೊಂಡ. ಚೀಲ ಬೆಚ್ಚಗಿತ್ತು. ಬ್ಯಾಟರಿ ಚಾರ್ಜ್ ಮಾಡಿದ ಬಿಸಿ ಇರಬೇಕು ಎಂದುಕೊಂಡ. ಅರ್ಧ ದಾರಿಯಲ್ಲಿ ಬಸ್ಸಿಡೀ ಹಂದಿಮಾಂಸದ ಘಮಲು ಹರಡಿತು.

"ನೋಡಿದ್ಯಾ?" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. "ಯಾರೋ ಬುತ್ತಿ ತಂದಿದಾರೆ. ನಮ್ಮ ಜನಕ್ಕೆ ಯಾವತ್ತು ಬುದ್ಧಿ ಬರುತ್ತೋ!"

ಹಿಂದಿನ ಸೀಟಿನಲ್ಲಿ ಅತ್ತೆ ಜಪಮಾಲೆಯನ್ನು ಸ್ವಲ್ಪ ಬೇಗ ಬೇಗ ತಿರುಗಿಸಿದರು.

ಪಾರ್ಕಿನ ಗೇಟಿನಲ್ಲಿ ದಪ್ಪ ಮೀಸೆಯ ಕಾವಲುಗಾರ ಕೈ ಅಡ್ಡ ಹಿಡಿದ. "ಯಜಮಾನ್ರೇ, ಊಟ ಒಳಗೆ ಬಿಡಲ್ಲ."

ಎವೆಲಿಯೊ ಈ ಕ್ಷಣಕ್ಕಾಗಿಯೇ ಹುಟ್ಟಿದ್ದ! ಹಿಂದೆ ಸಾಲಿನಲ್ಲಿ ನಿಂತ ಐವತ್ತು ಜನರ ಕಡೆಗೂ ಒಮ್ಮೆ ತಿರುಗಿ ನಕ್ಕ. "ಮೋಸ ಹೋದ್ರಾ? ನೀವೇ ಮೋಸ ಹೋದ್ರಿ ಅಂದ್ಮೇಲೆ ಕಳ್ಳರ ಪಾಡೇನು! ಇದು ಊಟ ಅಲ್ಲ ಸ್ವಾಮಿ. ಕ್ಯಾಮೆರಾ!"

"ಮೂಗು ಹಾಗೆ ಹೇಳ್ತಿಲ್ಲವಲ್ಲ."

"ಮೂಗು ಬಿಡಿ, ಕಣ್ಣಲ್ಲಿ ನೋಡಿ!" ಎಂದು ಜಾದೂಗಾರನ ಗತ್ತಿನಲ್ಲಿ ಜಿಪ್ಪು ಎಳೆದ.

ಮೂರು ಖಾನೆಗಳಲ್ಲಿ ಐದು ಎಲೆಯ ಪೊಟ್ಟಣಗಳು ಅಚ್ಚುಕಟ್ಟಾಗಿ ಕೂತಿದ್ದವು. ಬಿಸಿ ಆರದ ಹಾಗೆ ಫೋಮ್ ಅವನ್ನು ಬಹಳ ಚೆನ್ನಾಗಿ ಕಾಪಾಡಿತ್ತು. ಸಾಲಿನಲ್ಲಿದ್ದ ಐವತ್ತು ಜನರೂ ಚಪ್ಪಾಳೆ ಹೊಡೆದರು.

"ಅತ್ತೇ!" ಎವೆಲಿಯೊನ ದನಿ ಕೀರಲಾಯಿತು. "ಕ್ಯಾಮೆರಾ ಎಲ್ಲಿ?"

"ಮನೇಲಿ. ದೊಡ್ಡ ಸಾರಿನ ಪಾತ್ರೆಯೊಳಗೆ, ಬಟ್ಟೆ ಸುತ್ತಿ, ಮುಚ್ಚಳ ಮುಚ್ಚಿ ಇಟ್ಟಿದೀನಿ," ಎಂದರು ಎಲ್ವಿಯಾ ತಣ್ಣಗೆ. "ನೀವೇ ಹೇಳಿದ್ರಲ್ಲ ಅಳಿಯಂದ್ರೇ, ಯಾರಿಗೂ ಗೊತ್ತಾಗದ ಜಾಗದಲ್ಲಿಡಬೇಕು ಅಂತ. ಯಾವ ಕಳ್ಳ ಸಾರಿನ ಪಾತ್ರೆ ತೆಗೆದು ನೋಡ್ತಾನೆ?"

"ಆದ್ರೆ ಊಟ..."

"ಊಟದ ಚೀಲದಲ್ಲಿ ಊಟ ಇಟ್ಟೆ. ಅದರಲ್ಲೇನು ತಪ್ಪು?"

ಮನೆ ಬಹಳ ದೂರದಲ್ಲಿತ್ತು. ಎವೆಲಿಯೊ ಗೇಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಕುಸಿದು ಕೂತ. ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಸಂಕಟ. ಮಗಳು ಪಾರ್ಟಿ ಹಾಲ್ ಬೇಡ, ಗೌನು ಬೇಡ ಎಂದು ಎಲ್ಲವನ್ನೂ ಬಿಟ್ಟಿದ್ದಳು; ಅಪ್ಪ ತೆಗೆದುಕೊಡಬೇಕಿದ್ದದ್ದು ಒಂದೇ ಒಂದು ಫೋಟೋ. ಆ ಒಂದನ್ನೂ ಅವನಿಂದ ಕೊಡಲಾಗಲಿಲ್ಲ.

"ಕ್ಷಮಿಸು ಮಗಳೇ," ಎಂದ, ನೆಲ ನೋಡುತ್ತಾ.

"ಕ್ಷಮೆ ಆಮೇಲೆ ಕೇಳಪ್ಪಾ, ಆರಿ ಹೋಗುತ್ತೆ," ಎಂದು ಸಾಲೋಮೆ ಒಂದು ಪೊಟ್ಟಣ ಬಿಚ್ಚಿ ಅವನ ಮಡಿಲಲ್ಲಿಟ್ಟಳು. ಎಲೆಯ ಘಮಕ್ಕೆ ಬೆಳಗಿನಿಂದ ಬರಿ ಕಾಫಿಯಲ್ಲಿದ್ದ ಅವನ ಹೊಟ್ಟೆ ಮಾನ ಮರ್ಯಾದೆ ನೋಡದೆ ಗುರುಗುಟ್ಟಿತು. ನಾಲ್ವರೂ ಕಟ್ಟೆಯ ಮೇಲೆ ಸಾಲಾಗಿ ಕೂತು ತಿಂದರು. ಐದನೆಯ ಪೊಟ್ಟಣವನ್ನು ಎಲ್ವಿಯಾ ಎದ್ದು ಹೋಗಿ ಕಾವಲುಗಾರನ ಕೈಗಿತ್ತರು. ದಾರಿಯಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆಂದು ಅವರು ಯಾವಾಗಲೂ ಒಂದು ಹೆಚ್ಚು ಕಟ್ಟುತ್ತಾರೆ.

ಕಾವಲುಗಾರ ತಿಂದು, ಮೀಸೆ ಒರೆಸಿಕೊಂಡು, ಕರಗಿಹೋದ. "ತಾಯೀ, ನಮ್ಮಮ್ಮನ ಕೈರುಚಿ! ಕೊಡಮ್ಮಾ ನಿನ್ನ ಫೋನು, ನಿಮ್ಮದೊಂದು ಫೋಟೋ ತೆಗೀತೀನಿ." ಸಾಲೋಮೆ ಕೊಟ್ಟಳು. ಎವೆಲಿಯೊ ಬೇಡ ಬೇಡ ಎನ್ನುವಷ್ಟರಲ್ಲಿ ಕ್ಲಿಕ್ ಎಂದಿತು.

ಮುಂದಿನ ಮೂರು ದಿನ ಎವೆಲಿಯೊ ಅದೇ ಫೋನು ಹಿಡಿದು ಪ್ರಾಯಶ್ಚಿತ್ತ ಮಾಡಿಕೊಂಡ. ಮಗಳನ್ನು ಕಾಫಿ ಗಿಡದ ಪಕ್ಕ, ತಿರುಗುವ ಕುದುರೆಯ ಮೇಲೆ, ರೋಪ್‌ವೇ ತೊಟ್ಟಿಲಲ್ಲಿ ನಿಲ್ಲಿಸಿ, ಕೂರಿಸಿ, ತೂಗಿಸಿ ಇನ್ನೂರ ಹನ್ನೆರಡು ಫೋಟೋ ತೆಗೆದ. ಮನೆಗೆ ಬಂದು ಸಾಲೋಮೆ ಎಲ್ಲವನ್ನೂ ಒಂದೊಂದಾಗಿ ನೋಡಿ, ಕೊನೆಗೆ ಅಜ್ಜಿಯ ಗೋಡೆಗೆಂದು ಆರಿಸಿದ್ದು ಕಟ್ಟೆಯ ಮೇಲಿನ ಆ ಒಂದನ್ನು.

"ಅದಾ!" ಎವೆಲಿಯೊ ಹೌಹಾರಿದ. "ಬೇಡ್ವೇ! ನನ್ನ ಬಾಯಿ ತುಂಬ ಮಾಂಸ! ಗಲ್ಲದ ಮೇಲೆ ಅನ್ನದಗುಳು!"

"ಅಪ್ಪಾ, ನಮ್ಮನೆ ಆಲ್ಬಮ್ಮೆಲ್ಲ ತೆಗೆದು ನೋಡು. ನಾನಿದೀನಿ, ಅಮ್ಮ ಇದಾಳೆ, ಅಜ್ಜಿ ಇದಾಳೆ. ನೀನೆಲ್ಲಿದೀಯ? ಯಾವಾಗ್ಲೂ ಕ್ಯಾಮೆರಾ ಹಿಂದೆ. ಹದಿನೈದು ವರ್ಷದಲ್ಲಿ ನೀನು ನನ್ನ ಪಕ್ಕ ಕೂತಿರೋ ಫೋಟೋ ಇದೊಂದೇ."

ಎವೆಲಿಯೊ ಕಣ್ಣು ಒರೆಸಿಕೊಳ್ಳಲು ಕೈಗೆ ಸಿಕ್ಕ ಮೇಜುಬಟ್ಟೆಯನ್ನೇ ಎಳೆದುಕೊಂಡ. ನೂಬಿಯಾ ಫೋನನ್ನು ಇಸಿದುಕೊಂಡು, ಕನ್ನಡಕ ಏರಿಸಿ, ಫೋಟೋವನ್ನು ಬಹಳ ಹೊತ್ತು ದಿಟ್ಟಿಸಿದಳು.

"ಅಷ್ಟೇ ಅಲ್ಲಾರೀ," ಎಂದಳು. "ನಮ್ಮನೆ ಫೋಟೋದಲ್ಲಿ ಎಲ್ಲರಿಗೂ ತಲೆ ಇರೋದು ಇದೇ ಮೊದಲು!"