ಇಂಗ್ಲೆಂಡಿನ ಜೋಡಿ, ಮೊಳಕಾಲ್ಮೂರಿನ ಮಗ್ಗ

ಗಂಡ ಹೆಂಡತಿ ಒಂದೇ ಮಗ್ಗಕ್ಕೆ ಕೂರಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಶಾಸ್ತ್ರ ಬರೆದವರು ಮಗ್ಗದ ಹತ್ತಿರವೂ ಸುಳಿದಿರಲಿಲ್ಲ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ನಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಒಡಲಿನ ನೂಲಿರುವ ಲಾಳಿ ಎಸೆಯುತ್ತಾನೆ. ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿ ಕೊಡಬೇಕು. ಎರಡು ಎಳೆಗಳೂ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಮೇಲೆ ಹಲಗೆ ಎಳೆದು ಬಡಿಯಬೇಕು. ಪಕ್ಕದವರು ಚೂರು ತಡ ಮಾಡಿದರೆ ಕೂಡುವ ಜಾಗದಲ್ಲಿ ನೂಲು ಜೋತು ಬೀಳುತ್ತದೆ, ಆತುರಪಟ್ಟರೆ ಬಿಗಿದು ಸುಕ್ಕಾಗುತ್ತದೆ. ನಮ್ಮ ಮನೆಯಲ್ಲಿ ಆ ಪಕ್ಕದವರು ನನ್ನ ಹೆಂಡತಿ ಸರೋಜ. ಬೇರೆ ಮನೆಗಳಲ್ಲಿ ಊಟದ ಹೊತ್ತಿಗೆ ಶುರುವಾಗುವ ಜಗಳ ನಮ್ಮಲ್ಲಿ ಬೆಳಗಿನ ಕಾಫಿಯ ಜೊತೆಗೇ ಶುರುವಾಗುತ್ತಿತ್ತು. ಅವಳ ಲಾಳಿ ಬರುವ ಮೊದಲೇ ನಾನು "ಹ್ಞೂಂ, ಹ್ಞೂಂ" ಎಂದು ಗದರಿಸುತ್ತಿದ್ದೆ. ನಮ್ಮಪ್ಪ ನಮ್ಮವ್ವನಿಗೆ ಹಾಗೇ ಅನ್ನುತ್ತಿದ್ದ, ಅದೂ ನೇಯ್ಗೆಯ ಒಂದು ಭಾಗ ಎಂದೇ ನಾನು ತಿಳಿದಿದ್ದೆ.

ಆಗ ಮಗ್ಗದ ಮನೆಗಳಲ್ಲೆಲ್ಲ ಟೇಪ್ ರೆಕಾರ್ಡರ್ ಇರುತ್ತಿತ್ತು. ನಮ್ಮದರಲ್ಲಿ ಭಕ್ತಿಗೀತೆ, ಸಿನಿಮಾ ಹಾಡು, ಗಡಿಯಾಚೆಯ ತೆಲುಗು ಹಾಡು ಎಲ್ಲವೂ ನಡೆಯುತ್ತಿತ್ತು. ನನ್ನ ಕೈ ತಬಲಾದ ಮಾತು ಕೇಳುತ್ತಿತ್ತು, ಸರೋಜಳ ಕೈ ಹಾಡುವವರ ಮಾತು. ತಬಲಾದವರೂ ಹಾಡುವವರೂ ಕೂಡಿಯೇ ಬರುತ್ತಿದ್ದುದರಿಂದ ನಾವೂ ಹೇಗೋ ಕೂಡಿಯೇ ಇದ್ದೆವು.

ಒಮ್ಮೆ ಚಳ್ಳಕೆರೆಗೆ ಹೋದವನು ಬಸ್ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ರಾಶಿ ಕೆದಕುತ್ತಾ ನಿಂತೆ. ಒಂದರ ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು ಅಕ್ಕಪಕ್ಕ ಕೂತಿದ್ದರು. "ಇವರು ಗಂಡ ಹೆಂಡ್ತೀನಾ?" ಎಂದೆ. "ಅದೆಲ್ಲ ಗೊತ್ತಿಲ್ಲಣ್ಣ. ಇಂಗ್ಲೆಂಡಿನೋರು. ಇಬ್ರೇ ಸೇರ್ಕಂಡು ಮಾಡ್ಯಾರೆ, ಆಕಿ ಹಾಡ್ತಾಳೆ, ಆತ ಬಾರಿಸ್ತಾನೆ," ಎಂದ ಅಂಗಡಿಯವನು. ಇಬ್ಬರ ಮುಖದಲ್ಲೂ ಜಗಳದ ಕಳೆ ಇರಲಿಲ್ಲ. ಗಂಡು ಹೆಣ್ಣು ಕೂಡಿ ದುಡಿಯುವುದು ಹೇಗೆಂದು ಸರೋಜ ಇವರನ್ನು ನೋಡಿಯಾದರೂ ಕಲಿಯಲಿ ಎಂದು ಕೊಂಡು ತಂದೆ.

ಆಗ ಮಗ್ಗದ ಮೇಲಿದ್ದುದು ಸರೋಜಳ ತಂಗಿಯ ಧಾರೆ ಸೀರೆ. "ಅಂಚು ನೋಡ್ಕಳಪ್ಪ, ಬೀಗರೂ ನೇಯೋ ಮಂದಿ," ಎಂದು ಮಾವ ಹೇಳಿ ಕಳಿಸಿದ್ದರು. ಬೇರೆ ಬೀಗರು ಸೀರೆಯ ಬಣ್ಣ ನೋಡುತ್ತಾರೆ. ಇವರು ಒಡಲೂ ಅಂಚೂ ಕೂಡುವ ಜಾಗಕ್ಕೆ ಹೆಬ್ಬೆರಳು ಹಚ್ಚುವವರು. ಅಂಚು ಕೆಟ್ಟರೆ ಹಸೆಮಣೆಯ ಮುಂದೆಯೇ ಮಾವನ ತಲೆ ತಗ್ಗುತ್ತದೆ, ಜೊತೆಗೆ ನನ್ನದೂ.

ಕ್ಯಾಸೆಟ್ ಹಾಕಿದೆ. ಆತ ಮೆಲ್ಲಗೆ ಡ್ರಮ್ಮು ಬಾರಿಸಿಕೊಂಡು ಹೊರಟ. ಆಕೆಯದು ತುಂಬು ದನಿ, ಆದರೆ ಅವಸರವೇ ಇಲ್ಲ. ಮಧ್ಯಾಹ್ನ ಉಂಡು ಮಲಗಿ ಎದ್ದವಳ ಹಾಗೆ ಪ್ರತಿ ಮಾತನ್ನೂ ಪೆಟ್ಟು ಬಿದ್ದಾದ ಮೇಲೆ ಹೇಳುತ್ತಿದ್ದಳು. ನನ್ನ ಕೈ ಆತನ ಹಿಂದೆ ಹೋಯಿತು, ಸರೋಜಳ ಕೈ ಆಕೆಯ ಹಿಂದೆ ಹೋಯಿತು. ಸ್ವಲ್ಪ ಹೊತ್ತಿಗೆ ನೋಡಿದರೆ ಅಂಚಿನ ಉದ್ದಕ್ಕೂ ನೂಲು ಉಂಗುರ ಉಂಗುರವಾಗಿ ಎದ್ದಿತ್ತು. ನಾನು "ಹ್ಞೂಂ" ಅನ್ನುವುದನ್ನು ಜೋರು ಮಾಡಿದೆ. ಸರೋಜ ಲಾಳಿ ಕೆಳಗಿಟ್ಟು ಎದ್ದಳು. "ನಿಮ್ಮ ಮಗ್ಗ ನೀವೇ ನೇಯ್ಕಳ್ರಿ. ಅಂಚಿಗೆ ನಿಮ್ಮ ಹ್ಞೂಂ ಅನ್ನೇ ಹಾಕ್ಕಳ್ರಿ."

ಕ್ಯಾಸೆಟ್ ತೆಗೆದಿಟ್ಟಿದ್ದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ತೆಗೆದಿಟ್ಟರೆ ತಂದವನು ದಡ್ಡ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ತಪ್ಪು ಟೇಪ್ ರೆಕಾರ್ಡರಿನದು, ಬೆಲ್ಟು ಸಡಿಲವಾಗಿ ದನಿ ಹಿಂದೆ ಬೀಳುತ್ತಿದೆ ಎಂದು ತೀರ್ಮಾನಿಸಿದೆ. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಚಳ್ಳಕೆರೆ ಬಸ್ ಹತ್ತಿದೆ.

ರಿಪೇರಿ ಮಾಡುವ ಖಾಸಿಂ ಭಾಯ್ ಹೊಸ ಬೆಲ್ಟು ಹಾಕಿ, ಹೆಡ್ಡು ಒರೆಸಿ, ಕ್ಯಾಸೆಟ್ ಓಡಿಸಿ ತಲೆ ವಾರೆ ಮಾಡಿ ಕೇಳಿದರು. "ಅಣ್ಣಾ, ಡ್ರಮ್ಮೂ ಆಕಿ ದನೀನೂ ಒಂದೇ ರೀಲಿನಾಗೆ ಅವೆ. ಬೆಲ್ಟು ಸಡ್ಲಾದ್ರೆ ಇಬ್ರೂ ತಡ ಆಗ್ಬೇಕು. ಆಕಿ ಒಬ್ಳೇ ಹೆಂಗೆ ತಡ ಆಗ್ತಾಳೆ? ಮಶೀನಿಗೆ ಏನೂ ಬೀಮಾರಿ ಇಲ್ಲ."

"ಹಂಗಾದ್ರೆ ಇವರಿಗೇನಾಗೈತೆ?"

"ಅವರ ಮನೆ ಝಗಡಾ ನನಗ್ಯಾಕಣ್ಣ?" ಎಂದು ಖಾಸಿಂ ಭಾಯ್ ಮಶೀನನ್ನು ಟವೆಲ್ಲಿನಲ್ಲಿ ನೀಟಾಗಿ ಸುತ್ತಿಕೊಟ್ಟರು.

ಊರಿಗೆ ಬಂದು ಟೇಪ್ ರೆಕಾರ್ಡರನ್ನು ಮೂಲೆಯಲ್ಲಿಟ್ಟೆ. ಮಾರನೆಯ ದಿನ ಸರೋಜ ಅಕ್ಕಿ ಆರಿಸುತ್ತಾ ತಾನೇ ಅದರ ಗುಂಡಿ ಒತ್ತಿದಳು. ಹಾಡು ಮುಗಿಯುವವರೆಗೆ ಕೇಳಿ, ನನ್ನ ಕಡೆ ನೋಡದೆ ಹೇಳಿದಳು: "ಆಕಿ ತಡ ಮಾಡ್ತಿಲ್ರಿ. ತನಗೆ ಬೇಕಾದಾಗ ಬರ್ತಾಳೆ, ಆದ್ರೆ ಬಂದೇ ಬರ್ತಾಳೆ. ಆತ ನೋಡ್ರಿ, ಒಂದ್ಸಾರೀನೂ ಗದರ್ಸಲ್ಲ."

ಆಮೇಲೆ ಬಂದು ಪಕ್ಕದಲ್ಲಿ ಕೂತಳು. ಶರತ್ತು ಇಷ್ಟೇ: ಕ್ಯಾಸೆಟ್ ಓಡುತ್ತಿರಬೇಕು, ನಾನು ಬಾಯಿ ಬಿಡಬಾರದು. ಕೆಟ್ಟಷ್ಟನ್ನು ಎಳೆ ಎಳೆಯಾಗಿ ಬಿಚ್ಚಿದೆವು. ಮತ್ತೆ ನೇಯತೊಡಗಿದಾಗ ನಾಲಿಗೆಯ ತುದಿಗೆ ಬಂದ "ಹ್ಞೂಂ" ನುಂಗಿಕೊಂಡು, ಅವಳ ಲಾಳಿ ಬರುವವರೆಗೆ ಹಲಗೆ ಹಿಡಿದು ಕೂತೆ. ಲಾಳಿ ಬಂತು. ಬಡಿದೆ. ಮತ್ತೆ ಬಂತು. ಸಂಜೆಗೆ ಅಂಚು ಗೆರೆ ಎಳೆದ ಹಾಗೆ ಬಂದಿತ್ತು. ನಿಜ ಹೇಳುತ್ತೇನೆ, ನನಗೆ ಸಂತೋಷಕ್ಕಿಂತ ಹೊಟ್ಟೆಯುರಿಯೇ ಹೆಚ್ಚಾಯಿತು. ಇಷ್ಟು ವರ್ಷ ಗಂಟಲು ಹರಿದುಕೊಂಡಿದ್ದೆಲ್ಲ ದಂಡವಾಯಿತಲ್ಲ!

ಸೀರೆ ಒಪ್ಪಿಸುವ ದಿನ ಬೀಗರ ಹಿರಿಯರು ಎಲ್ಲರ ಮುಂದೆ ಅದನ್ನು ತೊಡೆಯ ಮೇಲೆ ಹರವಿ, ಕೂಡುವ ಜಾಗದುದ್ದಕ್ಕೂ ಹೆಬ್ಬೆರಳು ಸರಿಸುತ್ತಾ ಹೋದರು. ಸೆರಗಿನವರೆಗೂ ಹೋದ ಬೆರಳು ಎಲ್ಲೂ ತಡೆಯಲಿಲ್ಲ. "ಒಂದು ಎಳೇನೂ ಜಾರಿಲ್ಲ. ನಿಮ್ಮ ಅಳಿಯಂದ್ರ ಕೈ ಭಾಳ ಚೆನ್ನಾಗೈತೆ," ಎಂದರು ಹಿರಿಯರು. ನಮ್ಮ ಮನೆತನದ ನೇಯ್ಗೆಯ ಬಗ್ಗೆ ನಾಲ್ಕು ಮಾತಾಡೋಣ ಎಂದು ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಬಾಗಿಲ ಬಳಿಯಿಂದ ಸರೋಜ, "ಕೈ ಅಲ್ರಿ ದೊಡ್ಡಪ್ಪ, ಬಾಯಿ. ಈ ಸೀರೆ ನೇಯೋವಾಗ ಅವರು ಅದನ್ನ ಮುಚ್ಕಂಡಿದ್ರು," ಎಂದಳು.

ಮನೆಯವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಒಂದು ಪೆಟ್ಟು ತಡವಾಗಿ.