ಚೈತ್ರ ಒಂದನೆಯ ತಾರೀಖು ಮತ್ತು ನಮ್ಮನೆ ಬಾಗಿಲು

ಪಂಚಾಂಗ ನೋಡದೆ ಸೀನುವುದಕ್ಕೂ ಹೆದರುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮಂಗಳವಾರ ಕ್ಷೌರ ಬೇಡವಂತೆ, ಅಮಾವಾಸ್ಯೆಗೆ ಪ್ರಯಾಣ ಬೇಡವಂತೆ, ರಾಹುಕಾಲದಲ್ಲಿ ಬಸ್ಸು ಬಂದರೂ ಹತ್ತಬಾರದಂತೆ. ದಿನವೆಂದರೆ ಭೂಮಿ ತನ್ನ ಪಾಡಿಗೆ ತಾನು ಒಂದು ಸುತ್ತು ತಿರುಗುವುದು, ಅದರಲ್ಲಿ ಒಳ್ಳೆಯದೇನು, ಕೆಟ್ಟದ್ದೇನು? ಶಿಕಾರಿಪುರದಲ್ಲಿ ಹದಿನೇಳು ವರ್ಷ ಭೂಗೋಳ ಪಾಠ ಹೇಳಿದ ನಾನು ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿ ಮೂಗು ಮುರಿಯುತ್ತಿದ್ದೆ. ಅಂಥ ನನ್ನ ಮಾನವನ್ನು ಒಂದೇ ಒಂದು ದಿನ ಹರಾಜು ಹಾಕಿತು. ಆ ದಿನವನ್ನು ಆರಿಸಿಕೊಟ್ಟವನೂ ನಾನೇ.

ಅಂಜನಾಪುರದ ದಾರಿಯಲ್ಲಿ, ಊರು ಮುಗಿಯುವ ಕಡೆ, ನಾನೊಂದು ಮನೆ ಕಟ್ಟಿಸಿದೆ. ಅಕ್ಕಪಕ್ಕ ಮನೆಗಳಿಲ್ಲದ್ದರಿಂದ ಬಾಗಿಲನ್ನು ಯಾವ ಕಡೆ ತಿರುಗಿಸಿದರೂ ಕೇಳುವವರಿರಲಿಲ್ಲ, ನಮ್ಮ ಮಾವನವರೊಬ್ಬರನ್ನು ಬಿಟ್ಟು. ಅವರು ಸೊರಬದವರು, ಶಾನುಭೋಗಿಕೆ ಮಾಡಿ ಮುದುಕರಾದವರು, ಜಮೀನಿನ ಎಲ್ಲೆಕಲ್ಲು ಒಂದು ಗೇಣು ಸರಿದರೂ ನಿದ್ದೆ ಬಾರದ ಪ್ರಾಣಿ. "ಅಳಿಯಂದ್ರೇ, ನೆಲ ಸಮ ಮಾಡಿಸಿ ಒಂದು ಕೋಲು ನೆಡ್ಸಿ. ಸುತ್ತ ಹಗ್ಗ ಹಿಡಿದು ಒಂದು ಗುಂಡನೆ ಗೆರೆ ಎಳೆಸಿ. ಬೆಳಿಗ್ಗೆ ಕೋಲಿನ ನೆರಳಿನ ತುದಿ ಗೆರೆ ಮುಟ್ಟಿದಲ್ಲೊಂದು ಗೂಟ, ಮಧ್ಯಾಹ್ನದ ಮೇಲೆ ಮುಟ್ಟಿದಲ್ಲೊಂದು ಗೂಟ. ಎರಡಕ್ಕೂ ದಾರ ಕಟ್ಟಿದ್ರೆ ಅದೇ ಪೂರ್ವ-ಪಶ್ಚಿಮ" ಎಂದರು.

ನಾನು ನಕ್ಕುಬಿಟ್ಟೆ. ಇಡೀ ದಿನ ಒಂದು ಕೋಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೆರಳು ಕಾಯುವುದಕ್ಕೆ ನಾನೇನು ದನ ಕಾಯುವವನೇ? ಡಿಸೆಂಬರಿನ ಒಂದು ಬೆಳಿಗ್ಗೆ ಮೇಸ್ತ್ರಿಯನ್ನು ಬಯಲಲ್ಲಿ ನಿಲ್ಲಿಸಿ ಕೇಳಿದೆ: "ಸೂರ್ಯ ಎಲ್ಲಿ ಹುಟ್ತಾನೆ?" ಅವನು "ಪೂರ್ವದಾಗ್ರೀ" ಎಂದ. "ಅಗೋ, ಹುಟ್ಟಿದ. ಹಿಡಿ ದಾರ!" ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ವಿಜ್ಞಾನವೆಂದರೆ ಹೀಗಿರಬೇಕು ಎಂದುಕೊಂಡು ಕಾಫಿ ಕುಡಿದೆ.

ಮರುವರ್ಷದ ಡಿಸೆಂಬರಿನ ಮೊದಲ ವಾರದಲ್ಲಿ ಗೃಹಪ್ರವೇಶ. ಬೆಳಗಿನ ಬಿಸಿಲು ತಲೆಬಾಗಿಲಿನಿಂದ ನುಗ್ಗಿ, ನಡುಮನೆ ದಾಟಿ, ನೇರ ದೇವರ ಕೋಣೆಯಲ್ಲಿ ಬಿತ್ತು. ನಾನು ಉಬ್ಬಿಹೋದೆ. ಮಾವನವರು ಮಾತ್ರ ಹೊಸಲಿನ ಹೊರಗೇ ನಿಂತು, ಬಾಗಿಲನ್ನು ಒಮ್ಮೆ, ಬಯಲನ್ನು ಒಮ್ಮೆ ನೋಡಿ, "ಇದು ಪೂರ್ವ ಅಲ್ಲ ಮಾರಾಯ್ರೇ" ಎಂದರು.

"ಸೂರ್ಯನೇ ಒಳಗೆ ಬಂದಿದಾನೆ ಮಾವನೋರೇ, ನಿಮಗೇನು ಅಡ್ಡಿ?"

"ಈಗ ಬರ್ತಾನೆ. ಹಗಲೂ ರಾತ್ರಿಯೂ ಸಮ ಆಗೋ ವಿಷುವಿನ ದಿನ ಅವನು ನಿಮ್ಮ ದೇವರ ಹತ್ರ ಬರ್ಲಿ. ಅವನ ಹಿಂದೆ ನಾನೂ ಬರ್ತೀನಿ."

ಅಷ್ಟು ಹೇಳಿ ಚಪ್ಪರದಲ್ಲೇ ಉಂಡು ಸೊರಬದ ಬಸ್ಸು ಹತ್ತಿದರು. ಅಪ್ಪನ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಒಳಗೆ ನಿಂತಿದ್ದ ನನ್ನ ಹೆಂಡತಿ ಸಾವಿತ್ರಿ, ಆ ತಂಬಿಗೆ ಹಿಡಿದುಕೊಂಡೇ ಅತ್ತಳು. ಆಮೇಲೆ ಮೂರು ತಿಂಗಳು ನನ್ನೊಡನೆ ಅಕ್ಕಿ, ಬೇಳೆ, ಉಪ್ಪಿನ ವಿಷಯ ಮಾತ್ರ ಆಡಿದಳು. ನಡುವೆ ಒಮ್ಮೆ, "ರೀ, ಬಿಸಿಲು ದೇವರ ಕೋಣೆ ಬಿಟ್ಟು ಸರೀತಾ ಇದೆ" ಎಂದಳು. ಸೂರ್ಯ ಏರಿದ ಮೇಲೆ ಏಳುವವನಾದ ನಾನು, "ವಿಷುವಿನ ಹೊತ್ತಿಗೆ ಸರಿಹೋಗುತ್ತೆ, ನಿನಗೆ ತಿಳಿಯಲ್ಲ" ಎಂದೆ.

ಅಷ್ಟರಲ್ಲಿ ಸರ್ಕಾರ ಇಡೀ ದೇಶಕ್ಕೊಂದು ಹೊಸ ಪಂಚಾಂಗ ಹೊರಡಿಸಿತು. ೧೯೫೭ರ ಮಾರ್ಚಿ ಇಪ್ಪತ್ತೆರಡು ಇನ್ನು ಮೇಲೆ ಶಕ ೧೮೭೯ರ ಚೈತ್ರ ಒಂದಂತೆ. ಊರಿನ ಜೋಯಿಸರ ಲೆಕ್ಕದಲ್ಲಿ ಅದಿನ್ನೂ ಫಾಲ್ಗುಣ ಬಹುಳ, ಯುಗಾದಿಗೆ ಒಂದೂವರೆ ವಾರ ಬಾಕಿ. ಬೇವು ಚಿಗುರಿದ್ದರೂ ಬೆಲ್ಲ ಕೊಳ್ಳಲು ಒಬ್ಬನೂ ಅಂಗಡಿಗೆ ಹೋಗಲಿಲ್ಲ. ಆದರೆ ನನ್ನ ಹುರುಪನ್ನು ಕೇಳಬೇಕೆ! ಮಾವನವರಿಗೆ ಕಾರ್ಡು ಗೀಚಿದೆ: "ನಿಮ್ಮ ಪಂಚಾಂಗದ ವಿಷು ಏಪ್ರಿಲಿನಲ್ಲಿ, ಅಂದರೆ ಮೂರು ವಾರ ತಡ. ನಿಜವಾದದ್ದು ಮಾರ್ಚಿಯಲ್ಲಿ. ಅದರ ಬೆನ್ನಿಗೇ ಸರ್ಕಾರ ಹೊಸ ವರ್ಷ ಹಿಡಿದಿದೆ. ಆ ಚೈತ್ರ ಒಂದರಂದು ಸೂರ್ಯ ಪೂರ್ವ ಬಿಟ್ಟು ಕದಲುವುದಿಲ್ಲ. ದಯಮಾಡಿಸಿ, ಖಗೋಳಶಾಸ್ತ್ರ ತೋರಿಸುತ್ತೇನೆ." ಉತ್ತರ ಒಂದೇ ಸಾಲು: "ನಿಮ್ಮ ದಿನವೇ ಆಗಲಿ."

ಹಿಂದಿನ ಸಂಜೆಯೇ ಬಂದು, ಒಳಗೆ ಕಾಲಿಡದೆ, ಜಗುಲಿಯಲ್ಲೇ ಮಲಗಿದರು. ಬೆಳಿಗ್ಗೆ ನಾನು ಸ್ನಾನ ಮಾಡಿ, ಕೋಟು ಹಾಕಿಕೊಂಡು, ಶಾಲೆಯಿಂದ ತಂದ ಗೋಳವನ್ನು ಕೈಯಲ್ಲಿ ಹಿಡಿದು ನಡುಮನೆಯಲ್ಲಿ ನಿಂತೆ. ಸೂರ್ಯ ಹುಟ್ಟಿದ. ಬಿಸಿಲು ಹೊಸಲು ದಾಟಿತು. ದಾಟಿ, ದೇವರ ಕೋಣೆಯ ಕಡೆ ತಿರುಗಿಯೂ ನೋಡದೆ, ಓರೆಯಾಗಿ ಎಡಗಡೆ ಗೋಡೆಗೆ ಹೋಗಿ, ಅಲ್ಲಿ ಒರಗಿಸಿದ್ದ ಎರಡು ಪೊರಕೆ ಮತ್ತು ನನ್ನ ಹಳೆಯ ಮೆಟ್ಟುಗಳ ಮೇಲೆ ಬಿತ್ತು. ದೇವರು ಕತ್ತಲೆಯಲ್ಲಿದ್ದ.

ಗೋಳದ ಮೇಲೆ ಅಡ್ಡಡ್ಡ ಬರೆದ ಅಯನದ ಗೆರೆಗಳು ನನ್ನನ್ನೇ ನೋಡಿದವು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಹುಟ್ಟುತ್ತಾನೆಂದು ಹದಿನೇಳು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ಬರೆಯದವರ ಕಿವಿ ಹಿಂಡಿದ್ದೇನೆ. ಆ ಸೂರ್ಯನೂ ಆಕಾಶದಲ್ಲಿರುವ ಈ ಸೂರ್ಯನೂ ಒಬ್ಬನೇ ಎಂದು ಒಂದು ದಿನವೂ ಹೊಳೆಯಲಿಲ್ಲವಲ್ಲ! ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಮಾವನವರು ಗೆದ್ದವರ ಹಾಗೆ ನಗಲಿಲ್ಲ. ಮಗಳ ಮುಖ ನೋಡಿ, ತಲೆ ತಗ್ಗಿಸಿ, ಕೈಚೀಲ ಎತ್ತಿಕೊಂಡರು. ಕೊಟ್ಟ ಮಾತು ಅವರಿಗೂ ಎಲ್ಲೆಕಲ್ಲೇ, ಕೀಳಲು ಬಾರದು.

"ಅಪ್ಪಯ್ಯ, ನಿಲ್ಲಿ" ಎಂದಳು ಸಾವಿತ್ರಿ. ಸರಸರನೆ ಹೋಗಿ ಪೊರಕೆಗಳನ್ನೂ ಮೆಟ್ಟುಗಳನ್ನೂ ತೆಗೆದಳು. ಆ ಮೂಲೆಯನ್ನು ಸಾರಿಸಿ, ರಂಗೋಲಿಯ ಎರಡು ಎಳೆ ಎಳೆದು, ಮಣೆ ಹಾಕಿ, ಕತ್ತಲೆ ಕೋಣೆಯಿಂದ ದೇವರನ್ನು ಎತ್ತಿ ತಂದು ಬಿಸಿಲಲ್ಲಿ ಕೂರಿಸಿದಳು. "ಸೂರ್ಯ ದೇವರ ಹತ್ರ ಬಂದಾಯ್ತು. ಇನ್ನು ನೀವು ಬನ್ನಿ" ಎಂದು ತಂಬಿಗೆ ಹಿಡಿದು ನಿಂತಳು.

ಮುದುಕರು ಬಿಸಿಲನ್ನು ಒಮ್ಮೆ, ಮಣೆಯನ್ನು ಒಮ್ಮೆ ನೋಡಿದರು. ಮೊದಲ ಸಲ ಅವರ ಬೊಚ್ಚು ಬಾಯಿ ಅಗಲವಾಯಿತು. "ಮಗಳಿಗೆ ಲೆಕ್ಕ ಗೊತ್ತುಂಟು" ಎನ್ನುತ್ತಾ ಕಾಲು ತೊಳೆದುಕೊಂಡು, ಬಲಗಾಲಿಟ್ಟು ಒಳಗೆ ಬಂದರು.

ದೇವರು ಆ ಮೂಲೆಯಲ್ಲೇ ಉಳಿದ. ಖಾಲಿಯಾದ ಕೋಣೆಯನ್ನು ಸಾವಿತ್ರಿ ನನ್ನ ಓದುಬರಹಕ್ಕೆ ಕೊಟ್ಟಿದ್ದಾಳೆ. ಈ ಪ್ರಬಂಧ ಬರೆಯುತ್ತಿರುವುದು ಇಲ್ಲಿಯೇ. ಡಿಸೆಂಬರಿನಲ್ಲೊಂದಿಷ್ಟು ದಿನ ಸೂರ್ಯ ಬಂದು ಇಣುಕಿ ಹೋಗುತ್ತಾನೆ. ಉಳಿದಂತೆ ಕತ್ತಲೆಯಲ್ಲಿ ನಾವು ನಾಲ್ವರು ಇರುತ್ತೇವೆ: ನಾನು, ನನ್ನ ಮೆಟ್ಟಿನ ಜೋಡಿ ಮತ್ತು ಆ ಎರಡು ಪೊರಕೆಗಳು.